ಸಿಂಹಳದ ಗಿಣಿಗೆ ಬಸರಾಳಿನ ಕವಣೆ

ಮಳವಳ್ಳಿ, ಮದ್ದೂರು

ನಾನು ಶ್ರೀಲಂಕಾಕ್ಕೆ ಹೋಗಿ ಬಂದೆ. ಹೋಗಿ ಬಂದವರೆಲ್ಲ ಬುದ್ಧನ ಹಲ್ಲು ಇಟ್ಟಿರೋ ಗುಡಿ ನೋಡಿದೆವು, ಬೋಧಿ ಮರಕ್ಕೆ ಕೈಮುಗಿದೆವು ಅಂತಾರೆ. ನಾನೂ ನೋಡಿದೆ, ನಾನೂ ಮುಗಿದೆ. ಆದರೆ ಊರಿನವರು "ಅಲ್ಲೋಗಿ ಏನ್ ಮಾಡ್ದೆ?" ಅಂತ ಕೇಳಿದರೆ ಗಿಣಿ ಓಡಿಸಿದೆ ಅಂತಲೇ ಹೇಳ್ತೀನಿ. ಮಾಡಿದ್ದು ಅದನ್ನೇ.

ನಮ್ಮ ಬೀದಿಯ ವಿಹಾರದವರು ಒಂದು ಬಸ್ಸಿನಷ್ಟು ಜನ ಸೇರಿ ಹೊರಟಿದ್ದರು. ಎಲ್ಲರಿಗೂ ಮುಂದಾಳು ನನ್ನ ತಮ್ಮನ ಮಗ ಶಿವಣ್ಣ, ನಮ್ಮ ಮನೆಯಲ್ಲೇ ಇರೋ ಹೈಸ್ಕೂಲು ಮೇಷ್ಟ್ರು. ಅವನು ಬುದ್ಧನನ್ನು ಹಿಡಿದ ಮೇಲೆ ಮನೆಯಲ್ಲಿ ಕೋಳಿ ಕುಯ್ಯೋದು ನಿಂತಿತು. ನಾನು ಬುದ್ಧನಿಗೂ ಕೈಮುಗೀತೀನಿ, ಮಾರಮ್ಮನಿಗೂ ಕೈಮುಗೀತೀನಿ. ಇಬ್ಬರೂ ಇದುವರೆಗೆ ಬೇಡ ಅಂದಿಲ್ಲ.

"ಅತ್ತೆ, ನೀನೂ ಬತ್ತೀಯಾ?" ಅಂದ.

"ಅಲ್ಲಿ ಮುದ್ದೆ ಸಿಕ್ಕತದಾ?"

"ಇಲ್ಲ ಕಣತ್ತೆ, ಬರೀ ಅನ್ನ."

"ಅಂಗಾರೆ ರಾಗಿ ಇಟ್ಟು ಕಟ್ಕೊಂಡು ಬತ್ತೀನಿ ಬುಡು."

ಮದ್ದೂರಲ್ಲಿ ಪುಟ್ಟಮ್ಮ ಬಸ್ಸು ಹತ್ತಿದಳು. ಅವಳೂ ನಾನೂ ಹುಟ್ಟಿದ್ದು ಬಸರಾಳಿನ ಪಕ್ಕದ ಒಂದೇ ಹಳ್ಳಿ, ಒಂದೇ ಬೀದಿ. ಅವಳನ್ನು ಬೆಸಗರಹಳ್ಳಿಗೆ ಕೊಟ್ಟರು, ನನ್ನನ್ನು ಮಳವಳ್ಳಿಗೆ. ಆಮೇಲೆ ಮದುವೆ, ಸಾವು ಅಂತ ಅಲ್ಲೊಂದು ಇಲ್ಲೊಂದು ಸಲ ನೋಡಿದ್ದು ಬಿಟ್ಟರೆ ಒಟ್ಟಿಗೆ ಕೂತಿದ್ದೇ ಇಲ್ಲ. ಪಕ್ಕಕ್ಕೆ ಬಂದು ಕೂತವಳು ನನ್ನ ಮುಖ ನೋಡಿ, "ಇನ್ನೂ ಸತ್ತಿಲ್ವೇನೇ ಚಿಕ್ಕಮ್ಮಿ?" ಅಂದಳು.

"ನಿನ್ನ ಮುಂದೆ ಕಳುಸ್ಬುಟ್ಟು ಆಮೇಕೆ ಓಯ್ತೀನಿ ಕಣೆ" ಅಂದೆ. ಅಷ್ಟಕ್ಕೆ ಮಾತು ಹಳೇ ಜಾಗಕ್ಕೆ ಬಂತು.

ವಿಮಾನ ಹತ್ತೋ ಜಾಗದಲ್ಲಿ ನನ್ನ ಚೀಲ ಬಿಚ್ಚಿಸಿದರು. ಹುಚ್ಚೆಳ್ಳು ಚಟ್ನಿಪುಡಿಯ ಕವರು ಒಡೆದು ಸೀರೆ, ಲಂಗ ಎಲ್ಲ ಕರ್ರಗಾಗಿತ್ತು. ಚೀಲ ನೋಡೋ ಹುಡುಗಿ ಬೆರಳಲ್ಲಿ ಮುಟ್ಟಿ ಏನಿದು ಅಂದಳು. ನೆಕ್ಕಿ ನೋಡು ಅಂದೆ. ನೆಕ್ಕಲಿಲ್ಲ. ಮೂಸಿ, ಸೀನಿ, ಹೋಗಿ ಅಂದಳು.

ಕೊಲಂಬೊ

ಕೊಲಂಬೊದಲ್ಲಿ ಇಳಿದಾಗ ಮೈಗೆ ಒದ್ದೆ ಗೋಣಿಚೀಲ ಹೊದ್ದಂಗಾಯ್ತು. ಸಮುದ್ರದ ಗಾಳಿ. ತೆಂಗಿನ ಮರಗಳು ನಮ್ಮ ಮದ್ದೂರಿನ ಕಡೆಯವೇ, ನೆಟ್ಟಗೆ ನಿಲ್ಲೋಕೆ ಮಾತ್ರ ಬರೋದಿಲ್ಲ, ಎಲ್ಲ ಸಮುದ್ರದ ಕಡೆಗೆ ಬಾಗಿಕೊಂಡಿವೆ.

ಅಲ್ಲಿ ಗುಡಿಗೆ ಹೋಗೋರು ಮೈತುಂಬ ಬಿಳಿ ಉಡ್ತಾರೆ. ಹೊಸ ಮದುಮಗಳೂ ಬಿಳಿ, ಮುದುಕಿಯೂ ಬಿಳಿ. ನಮ್ಮ ಕಡೆ ಹಾಗೆ ಉಟ್ಟು ಬೀದಿಗೆ ಬಂದರೆ ಯಾರು ಹೋದರು ಅಂತ ಕೇಳ್ತಾರೆ. ಟೀಗೆ ಹಾಲಿಲ್ಲ, ಸಕ್ಕರೆಯೂ ಇಲ್ಲ. ಒಂದು ಕೈಯಲ್ಲಿ ಬೆಲ್ಲದ ಚೂರು ಕೊಡ್ತಾರೆ, ಕಚ್ಚಿಕೊಂಡು ಕುಡೀಬೇಕು. ಬೆಲ್ಲ ಕರೀದು, ಯಾವುದೋ ತಾಳೆ ಜಾತಿಯ ಮರದ್ದಂತೆ. ಆಲೆಮನೆಯ ಊರಿಂದ ಹೋದವಳು ನಾನು. ಒಂದು ಚೂರು ತಿಂದು ಪರವಾಗಿಲ್ಲ ಅಂದೆ. ಎರಡನೇ ಚೂರು ಕೇಳಿ ಇಸಕೊಂಡಿದ್ದನ್ನ ಪುಟ್ಟಮ್ಮ ನೋಡಿಬಿಟ್ಟಳು.

ಪಲ್ಯ, ಸಾರು, ಚಟ್ನಿ ಎಲ್ಲದಕ್ಕೂ ಒಣಮೀನಿನ ಪುಡಿ ಉದುರಿಸ್ತಾರೆ. ನನಗೆ ಸರಿಹೋಯ್ತು. ಶಿವಣ್ಣ ಬರೀ ಅನ್ನ, ಬಾಳೆಹಣ್ಣು ತಿಂದು ಬಡವಾದ.

ಅನುರಾಧಪುರ

ಇಲ್ಲಿ ಬೆಟ್ಟದಂಥ ಸ್ತೂಪಗಳಿವೆ, ಬೆಳ್ಳಗೆ ಬೋರಲು ಹಾಕಿದ ಮಡಕೆ ಹಾಗೆ. ಚಪ್ಪಲಿ ದೂರದಲ್ಲೇ ಬಿಡಬೇಕು. ಮಧ್ಯಾಹ್ನದ ಬಿಸಿಲಿಗೆ ಕಲ್ಲುಚಪ್ಪಡಿ ರೊಟ್ಟಿ ಹೆಂಚಾಗಿತ್ತು. ತಿಳಿದವರು ಕಾಲುಚೀಲ ಹಾಕಿಕೊಂಡು ನೆಮ್ಮದಿಯಾಗಿ ನಡೀತಿದ್ದರು. ನಾವು ಮಂಡ್ಯದವರು ಕುಣಿದುಕೊಂಡು ಸುತ್ತು ಬಂದೆವು. ಸಂಜೆಗೆ ನನ್ನ ಅಂಗಾಲಲ್ಲಿ ಬೊಬ್ಬೆ, ಮಂಡಿ ಕುಂಬಳಕಾಯಿ.

ಮಾರನೇ ದಿನ ಎಲ್ಲರೂ ಹತ್ತಿರದ ಒಂದು ಬೆಟ್ಟ ಹತ್ತೋಕೆ ಹೊರಟರು. ನಾನು ಬರೋದಿಲ್ಲ ಅಂದೆ. ಪುಟ್ಟಮ್ಮನೂ, "ಇವಳೊಬ್ಳೇ ಅವ್ಳಲ್ಲಾ" ಅಂತ ನೆಪ ಹೇಳಿ ಉಳಕೊಂಡಳು. ಅವಳಿಗೂ ಮೆಟ್ಟಿಲು ಬೇಡವಾಗಿತ್ತು. ನಾವಿದ್ದದ್ದು ಊರಾಚೆ ಕೆರೆ ಪಕ್ಕದ ಯಾತ್ರಿಕರ ಮನೆ. ಅಲ್ಲಿ ಅಡಿಗೆ ಮಾಡೋಳು ಸೋಮಾವತಿ ಅಂತ, ನಮಗಿಂತ ಸ್ವಲ್ಪ ಚಿಕ್ಕವಳು. ಅವಳು ತಮಿಳರಿರೋ ವವುನಿಯಾ ಊರಿನ ಸಂತೆಯಲ್ಲಿ ತರಕಾರಿ ಮಾರಿ ತಮಿಳು ಕಲಿತಿದ್ದಳು. ನಾನು ಕಬ್ಬು ಕಡಿಯೋಕೆ ನಮ್ಮೂರಿಗೆ ಬರ್ತಿದ್ದ ತಮಿಳರ ಹತ್ತಿರ ಕಲಿತಿದ್ದೆ. ಎರಡೂ ತಮಿಳು ಕುಂಟು, ಜೊತೆಗೆ ನಡೆದವು. ಅವಳ ಮಾತನ್ನ ಇಲ್ಲಿ ನಮ್ಮ ಮಾತಲ್ಲೇ ಬರೆದಿದ್ದೀನಿ.

ನಾನು ಹಿಟ್ಟಿನ ಗಂಟು ಬಿಚ್ಚಿ ಒಲೆ ಕೇಳೋಕೆ ಹೋದೆ. ಸೋಮಾ ಹಿಟ್ಟು ನೋಡಿದಳು, ಬೆರಳಲ್ಲಿ ಉಜ್ಜಿದಳು, ನಕ್ಕಳು, ನನ್ನ ಕೈ ಹಿಡಿದು ಹಿತ್ತಲಿಗೆ ಎಳಕೊಂಡು ಹೋದಳು. ಅಲ್ಲಿ ಅವಳದೇ ರಾಗಿ ಹೊಲ! ಅಂಚಿಗೆ ಮುಸುಕಿನ ಜೋಳ, ನಡುವೆ ರಾಗಿ, ತೆನೆ ಬಲಿತು ಮುಷ್ಟಿ ಮುಚ್ಚಿತ್ತು. ಸಮುದ್ರ ದಾಟಿ ಬಂದು ರಾಗಿ ನೋಡ್ತೀನಿ ಅಂತ ಅಂದುಕೊಂಡಿರಲಿಲ್ಲ. ಅವರೂ ಮುದ್ದೆ ಮಾಡ್ತಾರಂತೆ. ಮಾಡಿಕೊಟ್ಟಳು. ಮೆತ್ತಗಿತ್ತು, ತಟ್ಟೆಗೆ ಹಾಕಿದರೆ ಮಲಗಿಬಿಡ್ತು. ಆದರೂ ರಾಗಿ ರಾಗಿಯೇ. ಪುಟ್ಟಮ್ಮ ಎರಡು ನುಂಗಿದಳು.

ತಿಂತಿದ್ದಾಗಲೇ ಕೆರೆ ಕಡೆಯಿಂದ ಕೀರಲು ಸದ್ದು ಬಂತು. ಸೋಮಾ ತಟ್ಟೆ ಬಿಟ್ಟು ತಗಡಿನ ಡಬ್ಬ ಬಡೀತಾ ಓಡಿದಳು. ಗಿಣಿ ಹಿಂಡು, ಆಕಾಶ ಹಸಿರಾಗೋ ಅಷ್ಟು. ಅವಳು ಈ ಅಂಚಿಗೆ ಓಡಿದರೆ ಅವು ಆ ಅಂಚಿಗೆ ಹಾರಿ ಕೂತವು. ಆ ಅಂಚಿಗೆ ಓಡಿದರೆ ಈ ಅಂಚಿಗೆ. ಒಂದು ಗಿಣಿ ಡಬ್ಬದ ಸದ್ದಿಗೆ ತಲೆ ತೂಗ್ತಾ ತೆನೆ ಕಡೀತಿತ್ತು. ಸೋಮಾ ಏದುಸಿರು ಬಿಡ್ತಾ ಬಂದು ಕೂತಳು. ಬಾವಿ ಪಕ್ಕ ಸಣ್ಣ ಸಣ್ಣ ಚೀಲದಲ್ಲಿ ತೇಗದ ಸಸಿ ಸಾಲಾಗಿಟ್ಟಿದ್ದರು. ಅವನ್ನ ತೋರಿಸಿ ಹೇಳಿದಳು, "ಹೋದ ವರ್ಷ ಒಂದು ಮೊರ ರಾಗಿ ಬಂತು ಅಕ್ಕಾ. ಈ ಸಲವೂ ಹಕ್ಕಿ ತಿಂದರೆ ನನ್ನ ಗಂಡ ಹೊಲಕ್ಕೆಲ್ಲ ತೇಗ ನೆಟ್ಟುಬಿಡ್ತಾನೆ. ಆಮೇಲೆ ನನಗೆ ಈ ಜನ್ಮಕ್ಕೆ ಹೊಲ ಇಲ್ಲ." ಗಂಡ ಸ್ವಲ್ಪ ದೂರದಲ್ಲಿ ಗುಂಡಿಗೆ ಅಳತೆ ಹಾಕ್ತಾ ಇದ್ದ. ಒಳ್ಳೆಯವನ ಹಾಗೇ ಕಂಡ. ಅವನಿಗೂ ಓಡಿ ಸಾಕಾಗಿತ್ತು ಅನ್ಸುತ್ತೆ.

"ಕವಣೆ ಇಲ್ವಾ?" ಅಂದೆ. ಅವಳಿಗೆ ತಿಳೀಲಿಲ್ಲ. ಕೈ ಬೀಸಿ ತೋರಿಸಿದೆ. ಅವಳ ತಾತ ಬೀಸ್ತಿದ್ದನಂತೆ, ಈಗ ಯಾರೂ ಇಲ್ಲವಂತೆ.

ಕವಣೆ ಹೆಣೆದದ್ದು

ಬೇಲಿಯಲ್ಲಿ ಕತ್ತಾಳೆ ಇತ್ತು. ಪಟ್ಟೆ ಕುಯ್ದು, ಕಲ್ಲಲ್ಲಿ ಜಜ್ಜಿ, ಮೊಂಡು ಚಾಕುವಲ್ಲಿ ಹೆರೆದು, ಬಾವಿ ನೀರಲ್ಲಿ ತೊಳೆದು ಬಿಸಿಲಿಗೆ ಹರವಿದೆವು. ಕತ್ತಾಳೆ ರಸ ತಾಗಿ ಮೊಣಕೈವರೆಗೂ ನವೆ. ಪುಟ್ಟಮ್ಮ ತೊಡೆ ಮೇಲೆ ನಾರು ಹೊಸೀತಾ ಕೂತಳು. ನಾನು ಮೂರೆಳೆ ಜಡೆ ಹಾಕ್ತಾ ಹೋದೆ. ನಡುವೆ ಕಲ್ಲು ಕೂರೋಕೆ ಅಂಗೈಯಗಲದ ಮಡಿಲು, ಒಂದು ತುದಿಗೆ ಬೆರಳು ತೂರಿಸೋ ಕುಣಿಕೆ, ಇನ್ನೊಂದು ತುದಿಗೆ ಬಾಲದ ಹಾಗೆ ಬಿಟ್ಟ ನಾರು. ಸದ್ದು ಬರೋದು ಆ ಬಾಲದಿಂದ. ಕವಣೆ ಹಿಡಿದು ಅರವತ್ತು ವರ್ಷದ ಮೇಲಾಗಿರಬೇಕು. ತಲೆಗೆ ಮರೆತಿತ್ತು, ಬೆರಳಿಗೆ ಮರೆತಿರಲಿಲ್ಲ.

ಆಗ ನಮ್ಮ ಕಡೆ ನೀರಾವರಿ ಇರಲಿಲ್ಲ. ಗೌಡರ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಆದಾಗ ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಕಾವಲಿಗೆ ಕರೀತಿದ್ದರು. ಕೂಲಿ ಅಂತ ಕೊನೆಗೆ ಒಂದಿಷ್ಟು ಜೋಳ. ಸೂರ್ಯ ಹುಟ್ಟೋ ಮುಂಚೆ ಅಟ್ಟಣೆ ಹತ್ತಬೇಕು. ಇಬ್ಬನಿಗೆ ಹಲ್ಲು ಕಟಕಟ. ಮಡಿಲಲ್ಲಿ ಸುಟ್ಟ ತೆನೆ, ಅದರ ಬಿಸಿಯೇ ಹೊಟ್ಟೆಗೆ ಕಂಬಳಿ. ಮಂಜು ಸರಿದ ಹಾಗೆ ಒಂದೊಂದೇ ಅಟ್ಟಣೆ ಕಾಣ್ತಿತ್ತು, ಒಂದೊಂದರ ಮೇಲೂ ಒಬ್ಬೊಬ್ಬಳು. ಸುಖ ಅನ್ನೋ ಹಾಗಿಲ್ಲ. ಹಸಿವಿತ್ತು, ಗೌಡರ ಮನೆಯವರ ಬೈಗುಳ ಇತ್ತು. ಆದರೆ ಅಟ್ಟಣೆ ಮೇಲೆ ನಿಂತಾಗ ಕೆಳಗಿನ ಯಾರೂ ನನಗೆ ಏನೂ ಹೇಳೋ ಹಾಗಿರಲಿಲ್ಲ. ಕವಣೆ ಚಟಾರ್ ಅಂದರೆ ಊರಿಗೆ ಊರೇ ತಿರುಗಿ ನೋಡ್ತಿತ್ತು. ಈಗ ಆ ಹೊಲದಲ್ಲೆಲ್ಲ ಕಬ್ಬು. ಕಬ್ಬಿಗೆ ಗಿಣಿ ಬರೋದಿಲ್ಲ, ಕಾವಲೂ ಬೇಡ. ನನ್ನ ಮೊಮ್ಮಕ್ಕಳಿಗೆ ಕವಣೆ ಅಂದರೆ ಏನಂತ ಗೊತ್ತಿಲ್ಲ. ಗೊತ್ತಿದ್ದು ಮಾಡಬೇಕಾದ್ದೂ ಇಲ್ಲ. ಆದರೂ ನಾರಿನ ಆ ಹಸಿ ವಾಸನೆ ಮೂಗಿಗೆ ಬಂದಾಗ ಹಾಕಿದ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹಾಕಿದೆ.

ಬಿಸಿಲು ಇಳಿದ ಮೇಲೆ ಸೋಮಾಳನ್ನು ಬಾವಿ ದಿಬ್ಬದ ಮೇಲೆ ನಿಲ್ಲಿಸಿದೆ. ಕುಣಿಕೆ ನಡುಬೆರಳಿಗೆ ಹಾಕಿಸಿದೆ. ಬಾಲದ ತುದಿಯನ್ನ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಸಿದೆ. ನಿಂಬೆಕಾಯಿ ಗಾತ್ರದ ಕಲ್ಲು ಇಟ್ಟೆ. ತಲೆ ಮೇಲೆ ಬೀಸು, ಕೈ ಮುಂದಕ್ಕೆ ಬಂದಾಗ ಬಾಲ ಬಿಡು ಅಂದೆ. ಬಿಟ್ಟಳು. ಕಲ್ಲು ಹಿಂದಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಢಮಾರ್ ಅಂತ ಬಿತ್ತು. ಎರಡನೇದು ನೆಟ್ಟಗೆ ಮೇಲಕ್ಕೆ. ಪುಟ್ಟಮ್ಮ ಮೊರ ತಲೆ ಮೇಲಿಟ್ಟುಕೊಂಡು ಕೂತಳು.

"ಇವಳಿಗೆ ಯೇಳ್ಕೊಡದ್ರೊಳ್ಗೆ ನಾವಿಬ್ರೂ ಸಿವನ ಪಾದ ಸೇರ್ಕತೀವಿ ಕಣೆ!"

"ನೀ ಬಾಯ್ಮುಚ್ಚು. ನೀ ಕಲೀವಾಗ ನಿಮ್ಮವ್ವನ ಎಣ್ಣೆ ಕುಡ್ಕೆ ಒಡೀಲಿಲ್ವಾ?"

"ಅದು ನೀನು ಒಡ್ದಿದ್ದು!"

ಆ ಜಗಳ ಇನ್ನೂ ತೀರಿಲ್ಲ. ಸೋಮಾಗೆ ಅಳು ಬರೋ ಹಾಗಾಯ್ತು. ಅಡಿಗೆಗೆ ಹೊತ್ತಾಯ್ತು ಅಂತ ಒಳಗೆ ಹೋಗಿ ತೆಂಗಿನಕಾಯಿ ತುರಿಯೋಕೆ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಕಾಯಿ ತಿರುಗಿಸ್ತಿದ್ದದ್ದು ಎಡಗೈ. ತೂ ನನ್ನ ಬುದ್ಧಿಗೆ! ಎಡಚಿಯ ಬಲಗೈಗೆ ಕವಣೆ ಕಟ್ಟಿ ಸಂಜೆಯೆಲ್ಲ ಬೈದಿದ್ದೆ. ಎದ್ದೇಳು ಅಂದೆ, ಕುಣಿಕೆ ಎಡಗೈಗೆ ಹಾಕಿದೆ. ಕಲ್ಲು ಹೊಲ ದಾಟಿ ಹೋಯ್ತು. ಅದರ ಮುಂದಿನದ್ದು ಚಟಾರ್ ಅಂತು. ಸೋಮಾ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಬೆಟ್ಟದಿಂದ ಇಳಿದು ಬಂದ ಶಿವಣ್ಣ ಅದನ್ನ ನೋಡಿದ. "ಅತ್ತೆ! ಬುದ್ಧ ಗುರುವಿನ ಜಾಗಕ್ಕೆ ಬಂದು ಹಕ್ಕಿಗೆ ಕಲ್ಲು ಒಡೀತೀಯಲ್ಲಾ!"

"ಒಡಿಯೋದಲ್ಲ ಕಣಪ್ಪಾ, ಎದರ್ಸೋದು. ಅಕ್ಕಿಗೆ ತಗಲ್ಸಿದ್ರೆ ನಮ್ಮವ್ವ ನನ್ನ ಬೆನ್ನಿಗೆ ತಗಲ್ಸೋಳು. ನಿನ್ನ ಬುದ್ಧನಿಗೆ ಯೇಳು, ಬೇಕಾರೆ ಬಂದು ನೋಡ್ಲಿ."

ಮಾರನೇ ಬೆಳಗ್ಗೆ

ಬೆಳಗಿನ ಹಿಂಡು ಬಂದಾಗ ಸೋಮಾ ಕಾದಿದ್ದಳು. ಹಿಂಡಿನ ಈಚೆ ಬದಿಗೆ ಕಲ್ಲು ಬೀಳಬೇಕು, ಆಗ ಅವು ಆಚೆಗೆ ಹೋಗ್ತವೆ ಅಂತ ಹೇಳಿಕೊಟ್ಟಿದ್ದೆ. ಹಾಗೇ ಬಿಟ್ಟಳು. ಚಟಾರ್! ಹಿಂಡು ಒಂದೇ ಮೈಯಾಗಿ ಎದ್ದು ಬೇಲಿ ದಾಟಿ ಹೋಯ್ತು. ಮತ್ತೆ ಬಂದವು, ಮತ್ತೆ ಎಬ್ಬಿಸಿದಳು. ಗಂಡ ಗುದ್ದಲಿ ಹಿಡಿದು ಬಂದವನು ಗುಂಡಿ ತೋಡದೆ ನಿಂತು ನೋಡಿದ. ಸೋಮಾ ನನಗೆ ಆ ಕರಿಬೆಲ್ಲ ಒಂದು ಉಂಡೆಯೇ ಕೊಟ್ಟಳು. ನಾನು ದೊಡ್ಡ ಮನುಷ್ಯರ ಹಾಗೆ ಟೀ ಕುಡೀತಾ ಕೂತೆ.

ಟೀ ಮುಗಿಯೋದರೊಳಗೆ ಒಬ್ಬ ಹೆಂಗಸು ಬೇಲಿ ಸಂದಿಯಿಂದ ಬಂದಳು. ಎತ್ತರದ ಆಳು, ಮುಖ ಗಂಟು. ಮಡಿಲ ತುಂಬ ಕಲ್ಲು. ಅಡಿಗೆಮನೆ ಹೊಸ್ತಿಲಲ್ಲಿ ಸೋಮಾಳ ಕಾಲ ಹತ್ತಿರ ದಡದಡ ಸುರಿದಳು. ಒಂದು ಮಾತಾಡಲಿಲ್ಲ, ತಿರುಗಿ ಹೋದಳು. ಎಲ್ಲ ನಾವು ಎಸೆದ ಕಲ್ಲುಗಳೇ.

"ಯಾರವ್ವಾ ಇದು?" ಅಂದೆ.

"ನನ್ನ ನಾದಿನಿ, ಕುಸುಮಾ. ಪಕ್ಕದ ಹೊಲ ಅವಳದು" ಅಂದಳು ಸೋಮಾ. ಬೇಲಿ ಮೇಲಿದ್ದ ಒಂದು ಹಲಸಿನ ಮರಕ್ಕೆ ಜಗಳ ಆಗಿ ಮಾತು ಬಿಟ್ಟಿದ್ದರಂತೆ. ಆಗ ಸೋಮಾಳ ಮಗಳು ತೊಟ್ಟಿಲಲ್ಲಿದ್ದಳು, ಈಗ ಅವಳಿಗೇ ಮಕ್ಕಳು. ಹಲಸಿನ ಮರ ಸಿಡಿಲಿಗೆ ಹೋಯ್ತು. ಜಗಳ ಹೋಗಲಿಲ್ಲ.

ಬೇಲಿ ಹತ್ತಿರ ಹೋಗಿ ನೋಡಿದೆ. ಅಲ್ಲೂ ರಾಗಿ. ನಾವು ಎಬ್ಬಿಸಿದ ಗಿಣಿಯೆಲ್ಲ ಅಲ್ಲಿ ಕೂತು ಹಬ್ಬ ಮಾಡ್ತಿದ್ದವು. ಕುಸುಮಾ ಸೆರಗು ಬೀಸ್ತಾ ಓಡಾಡ್ತಿದ್ದಳು.

ಸೋಮಾ ಕವಣೆ ಸುತ್ತಿ ನನ್ನ ಮಡಿಲಿಗೆ ಹಾಕಿದಳು. "ಬೇಡ ಅಕ್ಕಾ. ಅವಳ ಅನ್ನಕ್ಕೆ ಕಲ್ಲು ಹಾಕಿ ನಾನು ಉಣ್ಣೋದಿಲ್ಲ. ತೇಗ ನೆಡಲಿ ಬಿಡು."

ಕವಣೆಯಲ್ಲೇನು ತಪ್ಪು ಅಂತ ನಾನು ಅದನ್ನ ಬಿಚ್ಚಿ ನೋಡಿದೆ. ಹೇಳಿದ್ದು ಪುಟ್ಟಮ್ಮ. "ಲೇ ಚಿಕ್ಕಮ್ಮಿ, ನೀ ಒಬ್ಳೇ ಯಾವತ್ತೇ ಗಿಣಿ ಓಡ್ಸಿದ್ದೆ? ನೀ ಎಬ್ಸಿ ಊ ಅಂತ ಕೂಗ್ದಾಗ ನಾ ಬೀಸ್ತಿದ್ದೆ. ನಾ ಕೂಗ್ದಾಗ ಆಚೆ ಅಟ್ಟಣೇಲಿ ನಿಂಗಿ ಬೀಸೋಳು. ಅಂಗೇ ಕೆರೆ ಏರಿ ದಾಟ್ಸಿ ಜಾಲಿ ಮರುಕ್ಕೆ ಬುಡ್ತಿದ್ದೊ. ಈ ಯಮ್ಮ ಯಾರಿಗೆ ಕೂಗ್ಬೇಕು?"

ನಿಜ. ಅರ್ಧ ಕೆಲಸ ಕಲಿಸಿ ಬೆಲ್ಲ ತಿಂದಿದ್ದೆ. ಸಾಲಿಗೆ ನಾಲ್ಕು ಅಟ್ಟಣೆ ಇದ್ದಾಗ ಕಲಿತದ್ದು ನಾವು. ಪಕ್ಕದವಳಿಗೆ ಕೂಗದೆ ಹಕ್ಕಿ ಕಳಿಸಿದರೆ ಆವತ್ತು ಸಂಜೆ ಬೀದಿಯಲ್ಲಿ ಜುಟ್ಟು ಹಿಡಿದ ಜಗಳ. ಆ ಕೂಗು ಎಷ್ಟು ಒಗ್ಗಿಹೋಗಿತ್ತು ಅಂದರೆ ಅದೂ ಕವಣೆಯ ಒಂದು ಭಾಗ ಅಂತ ಹೊಳೆದೇ ಇರಲಿಲ್ಲ.

ಉಳಿದ ನಾರಿಗೆ ಕೈ ಹಾಕಿದೆವು. ಮಧ್ಯಾಹ್ನದೊಳಗೆ ಇನ್ನೊಂದು ಕವಣೆ ಆಯ್ತು. ಬೊಬ್ಬೆ ಕಾಲಲ್ಲಿ ಕುಂಟಿಕೊಂಡು ನಾನೇ ಬೇಲಿ ದಾಟಿ ಹೋದೆ. ಸೋಮಾ ಬರಲಿಲ್ಲ. ಕುಸುಮಾಗೆ ತಮಿಳು ಬಾರದು. ನಾನು ಕನ್ನಡದಲ್ಲೇ ಹೇಳಿದೆ. "ನೋಡವ್ವಾ, ಅವಳು ಆಚೆಯಿಂದ ಎಬ್ಬುಸ್ತಾಳೆ, ನೀನು ಈಚೆಯಿಂದ ಕೆರೆಗೆ ಕಳುಸು. ಅವಳು ಕೂಗ್ತಾಳೆ, ನೀನು ಓ ಅನ್ಬೇಕು. ತಿಳೀತಾ?" ಕೈಸನ್ನೆ ಮಾಡಿದೆ, ಎರಡು ಕಲ್ಲು ಬೀಸಿ ತೋರಿಸಿದೆ. ಅವಳು ಕೈಕಟ್ಟಿ ನೋಡಿದಳು. ಕವಣೆ ಕೊಟ್ಟರೆ ಇಸಕೊಂಡು, ಎಳೆದು ನೋಡಿ, ಬೇಲಿ ಗೂಟಕ್ಕೆ ತಗಲಿ ಹಾಕಿ ಮನೆಯೊಳಗೆ ಹೋದಳು. ಸಂಜೆ ಹೊತ್ತಿಗೂ ಅದು ಗೂಟದಲ್ಲೇ ನೇತಾಡ್ತಿತ್ತು. ಸಂಜೆಯ ಹಿಂಡು ಬಂದಾಗ ಸೋಮಾ ಡಬ್ಬ ಕೂಡ ಮುಟ್ಟಲಿಲ್ಲ.

ಹೊರಡೋ ದಿನ

ಬೆಳಗ್ಗೆ ಕ್ಯಾಂಡಿಗೆ ಹೊರಡಬೇಕು. ಬಸ್ಸಿಗೆ ಗಂಟುಮೂಟೆ ಏರಿಸ್ತಿದ್ದರು. ಗೂಟ ಖಾಲಿ ಇತ್ತು. ಎಸೆದಳೋ ಏನೋ ಅಂದುಕೊಂಡೆ. ಸೋಮಾ ಬೀಳ್ಕೊಡೋಕೆ ಒಂದು ಚೀಲ ಸಿಹಿಗೆಣಸು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಕೀರಲು ಸದ್ದು.

"ಎಬ್ಸು" ಅಂತ ಕವಣೆ ಅವಳ ಎಡಗೈಗೆ ತುರುಕಿದೆ.

"ಬೇಡ ಅಕ್ಕಾ."

"ಎಬ್ಸಿ ಕೂಗು. ಓ ಅನ್ನದಿದ್ರೆ ಬುಡು, ತೇಗ ನೆಡಕ್ಕೆ ನಾನೇ ಗುಂಡಿ ತೋಡ್ಕೊಡ್ತೀನಿ."

ಸೋಮಾ ದಿಬ್ಬ ಹತ್ತಿದಳು. ಚಟಾರ್ ಅಂತು. ಹಿಂಡು ಬೇಲಿ ದಾಟಿತು. ಕೂಗೋಕೆ ಬಾಯಿ ತೆರೆದಳು, ದನಿ ಬರಲಿಲ್ಲ. ಪಕ್ಕದ ಹೊಲದಲ್ಲಿ ಗಿಣಿಗಳು ಇಳಿದು ಕೂರೋ ಸದ್ದು ಮಾತ್ರ. ಶಿವಣ್ಣ ಬಸ್ಸಿನಿಂದ, "ಅತ್ತೆ, ಒತ್ತಾಯ್ತು!" ಅಂತ ಅರಚಿದ.

ಆಗ ಆ ಕಡೆಯಿಂದ ಮೊಂಡಾಗಿ ಒಂದು ಚಟ್ ಅಂತು. ಕುಸುಮಾ ಕೆರೆ ಅಂಚಲ್ಲಿ ನಿಂತು ಬೀಸಿದ್ದಳು. ಮನೆಯ ಹಿಂದೆ ಎಷ್ಟು ಹೊತ್ತು ಅಭ್ಯಾಸ ಮಾಡಿದ್ದಳೋ. ಆದರೆ ಕಲ್ಲು ಬಿದ್ದದ್ದು ಹಿಂಡಿನ ಆಚೆ ಬದಿಗೆ, ಕೆರೆ ಕಡೆಗೆ. ಗಿಣಿಗಳು ಪಟ್ಟನೆ ತಿರುಗಿ ಅಷ್ಟೂ ಸೋಮಾಳ ರಾಗಿ ಮೇಲೇ ಬಂದು ಬಿದ್ದವು.

ಸೋಮಾ ಸೊಂಟಕ್ಕೆ ಕೈಯಿಟ್ಟು ಕೆರೆಗೆಲ್ಲ ಕೇಳೋ ಹಾಗೆ ಒಂದು ಕೂಗು ಕೂಗಿದಳು. ಆ ಕಡೆಯಿಂದ ಅದಕ್ಕಿಂತ ಉದ್ದದ ಕೂಗು ಬಂತು.

"ಏನಂದೆ?" ಅಂತ ಕೇಳಿದೆ.

"ಗೂಬೆ, ಅವುಗಳ ತಲೆ ಮೇಲಿಂದ ಬೇಲಿ ಕಡೆಗೆ ಎಸಿ, ಅಂದೆ."

"ಅವಳೇನಂದ್ಲು?"

"ಮೊದಲು ಕೂಗೋದು ಕಲಿ ಗೂಬೆ, ಅಂದಳು."

ಸೋಮಾ ಎಡಗೈ ಬೀಸಿದಳು, ಬೀಸುವಾಗಲೇ ಕೂಗಿದಳು. ಹಿಂಡು ಎದ್ದು ಬೇಲಿ ದಾಟಿತು. ಆ ಕಡೆಯ ಕಲ್ಲು ಈ ಸಲ ಬೇಲಿ ಬುಡಕ್ಕೇ ಬಿತ್ತು. ಗಿಣಿಗಳು ಕುಸುಮಾಳ ತಲೆ ಮೇಲೆ ಹಾದು ಕೆರೆ ದಾಟಿ ಕಾಡಿಗೆ ಹೋದವು. ಸೋಮಾಳ ಗಂಡ ಗುದ್ದಲಿ ಬಾವಿಗೆ ಒರಗಿಸಿ, ಬುಟ್ಟಿ ತಗೊಂಡು ಕಲ್ಲು ಆಯೋಕೆ ಹೋದ. ಯಾರ ಹೊಲದ ಕಲ್ಲು ಮೊದಲು ಆಯ್ತಾನೆ ಅಂತ ನೋಡೋಕೆ ಶಿವಣ್ಣ ಬಿಡಲಿಲ್ಲ, ರಟ್ಟೆ ಹಿಡಿದು ಬಸ್ಸಿಗೆ ಏರಿಸಿದ.

ಬಸ್ಸು ಕೆರೆ ಏರಿ ಮೇಲೆ ತಿರುಗಿದಾಗ ಪುಟ್ಟಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಇನ್ನೂ ಬೈದಾಡ್ತಾವ್ರೆ ಕಣೆ" ಅಂದಳು.

"ಗಿಣಿ?"

"ಒಂದೂ ಇಲ್ಲ."